ಎರಡನೆಯ ‘ಶಿವಾ’

ನಮ್ಮ ಯಜಮಾನರು ಮಲಗುವಾಗ ಶಿವನನ್ನು ಎರಡು ಸಲ ಕರೆಯುತ್ತಾರೆ. ತಲೆ ದಿಂಬಿನ ಕಡೆಗೆ ಹೊರಟಾಗ ಮೊದಲನೆಯ ‘ಶಿವಾ’, ತಲೆ ದಿಂಬನ್ನು ಮುಟ್ಟಿದಾಗ ಎರಡನೆಯದು. ಆದರೆ ಆ ಎರಡನೆಯದರಲ್ಲಿ ‘ಶಿ’ ಮಾತ್ರ ನಮ್ಮ ಪಾಲಿಗೆ. ‘ವಾ’ ಬರುವಷ್ಟರಲ್ಲಿ ಅವರು ಈ ಲೋಕದ ವ್ಯವಹಾರದಿಂದ ನಿವೃತ್ತರಾಗಿರುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಆ ‘ವಾ’ಗಾಗಿ ಕಿವಿಗೊಟ್ಟು ಕಾದದ್ದುಂಟು. ಬರಲಿಲ್ಲ. ಕೈಲಾಸದಲ್ಲಿ ಶಿವನೂ ಬೇಸತ್ತು, “ಈ ಗುರುಪಾದ ಅರ್ಧ ಕರೆದು ಮಲಗುವ ಆಸಾಮಿ, ಇವನ ಕರೆಗೆ ಯಾರೂ ಏಳಬೇಡಿ” ಎಂದು ಗಣಗಳಿಗೆಲ್ಲ ಹೇಳಿಟ್ಟಿರಬೇಕು.

ವಾಸ್ಕೋದ ಪೇಟೆಯಲ್ಲಿ ಇವರ ನಿದ್ದೆ ಒಂದು ಪುರಾಣವಾಗಿತ್ತು. ನಮ್ಮದು ಸ್ಟೀಲ್ ಭಾಂಡೆಯ ಅಂಗಡಿ. ಗೋವಾದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಪೇಟೆಯೆಲ್ಲ ಶಟರ್ ಎಳೆದುಕೊಂಡು ಮಲಗುತ್ತದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ವ್ಯಾಪಾರಿಗಳು ಮೊದಮೊದಲು ಈ ಪದ್ಧತಿ ಕಂಡು ಹಲ್ಲು ಕಡಿಯುತ್ತಾರೆ. ನಮ್ಮವರು ಮಾತ್ರ ತಮ್ಮನ್ನು ಹುಟ್ಟಿಸಿ ಇಲ್ಲಿಗೆ ಕಳಿಸಿದ್ದೇ ಇದಕ್ಕಾಗಿ ಎಂದು ಮೊದಲ ದಿನವೇ ಅರಿತರು. ಒಮ್ಮೆ ಅವರು ಅಂಗಡಿಯಲ್ಲೇ ಮಲಗಿದ್ದಾಗ ಕೊಡಗಳ ಗೋಪುರವೊಂದು ಕುಸಿಯಿತು. ಅದು ಬೋಗುಣಿಗಳ ಮೇಲೆ ಬಿತ್ತು. ಬೋಗುಣಿಗಳು ಪರಾತಗಳ ಮೇಲೆ ಬಿದ್ದವು. ಬಂದರಿನ ಕಡೆ ಹೋಗುವ ಎರಡು ಗೂಡ್ಸ್ ರೈಲು ಡಿಕ್ಕಿಯಾದವೆಂದು ಪೇಟೆಗೆ ಪೇಟೆಯೇ ಎದ್ದು ಬೀದಿಗೆ ಬಂತು. ಶಟರ್ ಎತ್ತಿ ನೋಡಿದರೆ ಯಜಮಾನರು ಒಂದು ಮಗ್ಗುಲು ಬದಲಿಸಿದ್ದರು, ಅಷ್ಟೆ. ಎದೆಯ ಮೇಲೆ ಬಂದು ಬಿದ್ದ ಸೌಟನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದರು.

ಈ ನಿದ್ರಾಸಾಮ್ರಾಜ್ಯದ ಪಟ್ಟದ ರಾಣಿ ನಾನು, ಪ್ರತಿಮಾ. ಸಾಮ್ರಾಜ್ಯ ಹೇಗೆ ಪತನವಾಯಿತೆಂಬುದನ್ನು ಈಗ ಹೇಳಬೇಕಾಗಿದೆ.

ಹೋದ ವರ್ಷ ಮಳೆಗಾಲದ ಆರಂಭದಲ್ಲಿ ನಾವು ಪೇಟೆಯ ಹಿಂದಿನ ಬಾಡಿಗೆ ಮನೆ ಬಿಟ್ಟು ಸ್ವಂತ ಫ್ಲ್ಯಾಟಿಗೆ ಬಂದೆವು. ಕಟ್ಟಡದ ಕಟ್ಟಕಡೆಯ ಮಹಡಿ. ಮಲಗುವ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಲಂಗರು ಹಾಕಿ ನಿಂತ ಹಡಗು ಕಾಣುತ್ತದೆ. ಹುಬ್ಬಳ್ಳಿಯ ಓಣಿಯಲ್ಲಿ ಎದುರು ಮನೆಯ ಗೋಡೆ ನೋಡುತ್ತ ಬೆಳೆದ ನನಗೆ ಇದು ಸಾಮಾನ್ಯ ಭಾಗ್ಯವಲ್ಲ. (ತವರಿನವರು ಬಂದಾಗ ನಾನು ಆ ಕಿಟಕಿಯ ಪರದೆಯನ್ನು ನಾಟಕದವರಂತೆ ಎಳೆದು ತೋರಿಸುತ್ತಿದ್ದೆ.) ನೆತ್ತಿಯ ಮೇಲೆ ತಾರಸಿ. ಅದರ ಒಂದು ಬೀಗದ ಕೈ ನನ್ನ ಸೊಂಟದಲ್ಲಿ. ಮಳೆಗಾಲವಿಡೀ ಯಜಮಾನರು ಈ ಅರಮನೆಯಲ್ಲಿ ‘ಶಿ’ಗೆ ಮಲಗಿ ಬೆಳಕು ಹರಿದ ಮೇಲೆ ಎದ್ದರು.

ಮಳೆ ನಿಂತಿತು. ದಸರೆ ಕಳೆಯಿತು. ಒಂದು ದಿನ ಊಟವಾಗಿ ಹಾಸಿಗೆಗೆ ಹೋದವರು, “ಶಿವಾ… ಶಿವಾ” ಎಂದರು.

ಪೂರ್ತಿ ಎಂದರು. ನಾನು ಎದ್ದು ಕುಳಿತೆ.

ಕೆಲವು ದಿನಕ್ಕೆ ಮೂರನೆಯ ಶಿವ ಬಂದ. ನಾಲ್ಕನೆಯವನು ಬಂದ. ದೀಪಾವಳಿಯ ಹೊತ್ತಿಗೆ ಯಜಮಾನರು ಧಾರವಾಡ ಜಿಲ್ಲೆಯ ಅಷ್ಟೂ ಗುಡಿಗಳ ದೇವರನ್ನು ಹೆಸರು ಹಿಡಿದು ಕರೆದು ಮುಗಿಸಿದ್ದರು. ಸಂಕ್ರಾಂತಿಗೆ ಬೆಳಗಾವಿ ಜಿಲ್ಲೆಯೂ ಮುಗಿಯಿತು. ನಡುವೆ ಕಣ್ಣು ಹತ್ತಿದರೂ ಉಸಿರು ಎಲ್ಲೋ ಸಿಕ್ಕಿಕೊಂಡು, ಕೆಮ್ಮಿ, ಮತ್ತೆ ಎಚ್ಚರ. ಬೆಳಗ್ಗೆ ನೋಡಿದರೆ ರಾತ್ರಿಯೆಲ್ಲ ಸಿಮೆಂಟಿನ ಮೂಟೆ ಹೊತ್ತವರ ಮುಖ.

ಡಾಕ್ಟರು ಇವರ ಮೂಗಿನೊಳಗೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ವಿವರಿಸಿದರು. ಗಾಳಿಯಲ್ಲಿರುವ ಪುಡಿ ಎಷ್ಟು ಸಣ್ಣದೋ ಅಷ್ಟು ಒಳಕ್ಕೆ ಹೋಗುತ್ತದೆ. ಮೂಗು, ಗಂಟಲು ಒಳಗೊಳಗೇ ಬಾತುಕೊಳ್ಳುತ್ತವೆ. ಮಲಗಿದಾಗ ಉಸಿರಿನ ದಾರಿ ಕಿರಿದಾಗಿ ಮಿದುಳು ಮತ್ತೆ ಮತ್ತೆ ಗಾಬರಿಯಿಂದ ಏಳುತ್ತದೆ. ಎಷ್ಟೋ ಸಲ ಮಲಗಿದವನಿಗೆ ಅದು ಗೊತ್ತೂ ಆಗುವುದಿಲ್ಲ. ಹೀಗೇ ಹೋದರೆ ಹೃದಯಕ್ಕೂ ಒಳ್ಳೆಯದಲ್ಲ. “ಇವರು ಮಲಗುವ ಜಾಗದಲ್ಲಿ ಪುಡಿ ಕಡಿಮೆ ಮಾಡಿರಿ” ಎಂದು ಹೇಳಿ, ಮೂಗಿಗೆ ಹಾಕುವ ಔಷಧ ಬರೆದುಕೊಟ್ಟರು.

ಪುಡಿಗೆ ನಮ್ಮ ಕಡೆ ಬರಗಾಲವಿಲ್ಲ. ಮಳೆ ನಿಂತ ಮೇಲೆ ಕಿಟಕಿಯ ಅಂಚಿಗೆ ಬೆರಳಾಡಿಸಿದರೆ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವಷ್ಟು ಸಿಗುತ್ತದೆ. ಬಂದರಿನಲ್ಲಿ ಹಡಗಿನಿಂದ ಇಳಿಸುವ ಕಲ್ಲಿದ್ದಲಿನದು ಎನ್ನುತ್ತಾರೆ, ಲಾರಿಯ ಹೊಗೆ ಎನ್ನುತ್ತಾರೆ, ರಸ್ತೆಯ ಧೂಳು ಎನ್ನುತ್ತಾರೆ. ಪುಡಿಯ ಮೇಲೆ ಮಾಲೀಕನ ಹೆಸರು ಬರೆದಿರುವುದಿಲ್ಲವಾದ್ದರಿಂದ ನಾನು ಯಾರ ಮೇಲೂ ಹೇಳಲಾರೆ. ಬಿಳಿ ಅಂಗಿಯನ್ನು ಹೊರಗೆ ಒಣಹಾಕಿದರೆ ಸಂಜೆ ಒಳಗೆ ಬರುವುದು ಬೂದು ಅಂಗಿ. ಅದಕ್ಕೇ ನಮ್ಮ ಮನೆಯ ಬಟ್ಟೆಬರೆ ಎಲ್ಲ ಪಡಸಾಲೆಯಲ್ಲೇ ಒಣಗುತ್ತವೆ. ಬಂದವರು ಒದ್ದೆ ಲಂಗದ ಕೆಳಗೆ ಬಗ್ಗಿಕೊಂಡೇ ಸೋಫಾ ತಲುಪಬೇಕು.

ಇಲ್ಲಿಯವರೆಗೆ ನಾನು ಇದನ್ನೆಲ್ಲ ಸ್ವಲ್ಪ ಮೋಜಿನಿಂದಲೇ ನೋಡುತ್ತಿದ್ದೆ. ಮೋಜು ನಿಂತದ್ದು ಜನವರಿಯ ಕೊನೆಗೆ. ಯಜಮಾನರು ದಾಬೋಲಿಮ್ ಕಡೆ ಯಾರಿಗೋ ಕುಕ್ಕರ್ ಮುಟ್ಟಿಸಿ ಸ್ಕೂಟರಿನಲ್ಲಿ ಇಳಿಜಾರು ಇಳಿದು ಬರುತ್ತಿದ್ದರು. ಹಾಡಹಗಲು. ಕಣ್ಣು ಮುಚ್ಚಿತು. ಸ್ಕೂಟರ್ ತಾನೇ ದಾರಿ ಬಿಟ್ಟು, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಗೆ ಹೋಗಿ ಒರಗಿ ನಿಂತಿತು. ಮನೆಗೆ ಬಂದು ಅಂಗಿಯ ಕಿಸೆಯಿಂದ ಮರಳು ಕೊಡವುತ್ತ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದರು. ಮರಳಿನ ಗುಡ್ಡೆಯ ಹತ್ತಿರವೇ ಲಾರಿಗಳು ಹೋಗುತ್ತವೆ. ನನಗೆ ಒಂದು ಮಾತೂ ಹೊರಡಲಿಲ್ಲ. (ನನ್ನನ್ನು ಬಲ್ಲವರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು.)

ನೀರು ಕುಡಿದು ಲೋಟ ಕೆಳಗಿಟ್ಟು ಅವರು ಅಂದರು, “ಪ್ರತಿಮಾ, ಈ ಊರು ಬಿಡೂಣು.”

“ಏನಂದ್ರಿ?”

“ಬೆಳಗಾವ್ಯಾಗ ತಮ್ಮ ಒಂದು ಅಂಗಡಿ ನೋಡ್ಯಾನ. ಬರೂ ಸೋಮವಾರ ಹೋಗಿ ನೋಡಿ ಬರತೇನಿ. ಚಲೋ ಇದ್ರ ಯುಗಾದಿಗೆ ಹೋಗಿಬಿಡೂಣು.”

“ಮತ್ತ ಈ ಮನಿ? ನನ್ನ ಕಿಟಕಿ? ನನ್ನ ಸಮುದ್ರ?”

“ಸಮುದ್ರ ಇಲ್ಲೇ ಇರತೈತಿ. ಅದನ್ಯಾರೂ ಒಯ್ಯೂದಿಲ್ಲ.”

“ನಿಮಗ ನಿದ್ದಿ ಬಂದ್ರ ಇರತೀರಿಲ್ಲೊ?”

“ಬಂದ್ರ ಯಾಕ ಹೋಗಲಿ?”

ಆಯಿತು. ಯುದ್ಧದ ಷರತ್ತು ಸ್ಪಷ್ಟವಾಯಿತು. ಸೋಮವಾರದೊಳಗೆ ಯಜಮಾನರಿಗೆ ನಿದ್ದೆ, ಇಲ್ಲವಾದರೆ ನನಗೆ ಮತ್ತೆ ಎದುರು ಮನೆಯ ಗೋಡೆ. ಅಂದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪುಡಿಯ ಮೇಲೆ ಯುದ್ಧ ಸಾರಿದೆ.

ಮಲಗುವ ಕೋಣೆ ಕೋಟೆಯಾಯಿತು. ಕಿಟಕಿಯ ಸಂದಿಗೊಂದಿಗೆಲ್ಲ ಅಂಗಡಿಯಿಂದ ತಂದ ಅಗಲವಾದ ಕಂದು ಟೇಪು ಅಂಟಿಸಿದೆ. ಸಮುದ್ರದ ಮೇಲೆ ಪರದೆ ಬಿತ್ತು (ಸಮುದ್ರವನ್ನು ಉಳಿಸಿಕೊಳ್ಳಲು ಸಮುದ್ರವನ್ನೇ ಮುಚ್ಚಬೇಕಾಯಿತು, ಯುದ್ಧದಲ್ಲಿ ಇಂಥವು ಇರುತ್ತವೆ). ಬಾಗಿಲಿಗೆ ನಮ್ಮತ್ತೆ ಹೊಲಿದ ಕೌದಿಯನ್ನು ಒದ್ದೆ ಮಾಡಿ ಇಳಿಬಿಟ್ಟೆ. ಊದುಬತ್ತಿ ನಿಷೇಧ. ಲೋಬಾನ ನಿಷೇಧ. ಒಗ್ಗರಣೆಗೆ ಮೆಣಸಿನಕಾಯಿ ನಿಷೇಧ. ಯಜಮಾನರು ಒಳಗೆ ಹೋಗುವ ಮೊದಲು ಕಾಲು ತೊಳೆದು, ಅಂಗಿ ಬದಲಿಸಿ, ತಲೆಗೆ ಒದ್ದೆ ಕೈಯಾಡಿಸಿಕೊಳ್ಳಬೇಕು. ದೇವರ ಮನೆಗೂ ಅವರು ಅಷ್ಟು ಮಡಿಯಿಂದ ಹೋದವರಲ್ಲ.

ಇದೆಲ್ಲಕ್ಕಿಂತ ಮುಖ್ಯ ಅಸ್ತ್ರ ಗಾದಿ. ನಮ್ಮತ್ತೆ ಗಿರಿಜವ್ವನವರು ಸೊಸೆಗೆ ಬಿಟ್ಟುಹೋದ ವಿದ್ಯೆ ಇದೊಂದೇ: ಹತ್ತಿಯ ಗಾದಿ ಬಿಸಿಲು ಕಾಣಬೇಕು. ಬೆಳಗ್ಗೆ ಬೆತ್ತದಿಂದ ಬಡಿದು ಹಾಸಬೇಕು. ಸಂಜೆ, ಬಿಸಿ ಆರದ ಹಾಗೆ, ಕೊಡವದೆ ಮಡಚಿ ತಂದು ಮಂಚದ ಮೇಲೆ ಬಿಡಿಸಬೇಕು. ಹಾಗೆ ಮಾಡಿದರೆ ಗಾದಿ ಹಪ್ಪಳದಂತೆ ಉಬ್ಬಿ, ಬಿಸಿಲಿನ ವಾಸನೆಯೊಂದಿಗೆ ನಿದ್ದೆಯನ್ನೂ ತರುತ್ತದೆ. ಧಾರವಾಡದ ಅಂಗಳದಲ್ಲಿ ಅವರು ಹಾಗೇ ಮಾಡುತ್ತಿದ್ದರು. ನಾನೂ ಮಳೆ ನಿಂತ ಮರುವಾರದಿಂದ ನಮ್ಮ ಮರೂನ್ ಬಣ್ಣದ ಗಾದಿ, ದಿಂಬುಗಳನ್ನು ತಾರಸಿಗೆ ಹೊತ್ತು ಹಾಕುತ್ತಿದ್ದೆ. ತಾರಸಿಯಲ್ಲಿ ಎಂಥ ಬಿಸಿಲು! ಎಂಥ ಗಾಳಿ! ಬಂದರಿನಿಂದ ನೇರವಾಗಿ ಬರುವ ಗಾಳಿ!

ಒಂದು ದಿನ ಚಹಾ ಕುಡಿಯುವಾಗ ಯಜಮಾನರು ಬಾಯಿ ತೆರೆದರು. “ಪ್ರತಿಮಾ, ಈ ಗಾದಿ…”

“ಗಾದಿಗೇನಾಗೇತ್ರಿ?”

“ಏನಿಲ್ಲ. ಈ ಗಾದಿ ವಾರಕ್ಕ ಎರಡು ಸರತಿ ಮ್ಯಾಲ…”

“ಸಾಲೂದಿಲ್ಲ ಅಂತೀರೇನು? ನನಗೂ ಹಂಗ ಅನಿಸಿತ್ತು ನೋಡ್ರಿ. ನಿಮ್ಮವ್ವ ಕಲಿಸಿದ ಕೆಲಸದಾಗ ನಾ ಯಾವತ್ತರ ಕಡಿಮಿ ಮಾಡೇನೇನು? ನಾಳಿಂದ ದಿನಾ ಹಾಕತೇನಿ!”

ಅವರು ಬಸಿಯಲ್ಲಿ ಉಳಿದ ಚಹಾವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುಡಿದರು.

ಅಂದಿನಿಂದ ಗಾದಿ ದಿನಾ ಮೇಲೇರಿತು. ನಿದ್ದೆ ಇನ್ನೂ ಕೆಳಗಿಳಿಯಿತು. ಯಜಮಾನರು ವಿಜಯಪುರ ಜಿಲ್ಲೆಯ ದೇವರುಗಳಿಗೆ ಕೈ ಹಾಕಿದರು.

ಆದರೆ ನನಗೆ ಕೋಟೆಯ ಮೇಲೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಇಷ್ಟು ಶುದ್ಧವಾದ ಕೋಣೆಯಲ್ಲಿ ಇವರಿಗೆ ನಿದ್ದೆ ಬರುವುದಿಲ್ಲವೆಂದರೆ ಅದು ಹಟ. ಹಟವನ್ನು ಮುರಿಯಲು ನಾಲ್ಕು ಜನರ ಮುಂದೆ ಸಾಕ್ಷಿ ಬೇಕು. ನಮ್ಮ ಮಗಳು ಕೀರ್ತಿ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಓದುತ್ತಾಳೆ. ಗಾಳಿಯ ಪುಡಿ ಅಳೆಯುವ ಒಂದು ಪುಟ್ಟ ಯಂತ್ರ ಅವಳ ವಿಭಾಗದಲ್ಲಿತ್ತು. ಗಾಳಿ ಶುದ್ಧವಿದ್ದರೆ ಹಸಿರು ದೀಪ, ಕೆಟ್ಟರೆ ಹಳದಿ, ತೀರಾ ಕೆಟ್ಟರೆ ಕೆಂಪು ದೀಪ ಮತ್ತು ಕುಂಯ್ ಎಂಬ ಸದ್ದು.

“ಅವ್ವಾ, ಇದನ್ನ ಸುಮ್ನ ಕೋಣ್ಯಾಗ ಇಟ್ಟು ನೋಡೂಣು. ಜಾತ್ರಿ ಯಾಕ?” ಎಂದಳು ಕೀರ್ತಿ.

“ನೋಡಲಿ ಮಂದಿ. ಅವರೂ ಕಲೀಲಿ. ಅವರ ಗಂಡಂದಿರೂ ಮಲಗಬೇಕಲ್ಲ.”

ಭಾನುವಾರ ಮಧ್ಯಾಹ್ನ ಕಟ್ಟಡದ ಹೆಂಗಸರನ್ನೆಲ್ಲ ಕರೆದೆ. ಕೆಳಗಿನ ಮಹಡಿಯ ಸುಲ್ತಾನಾ ಎಲ್ಲರಿಗಿಂತ ಮೊದಲು ಬಂದಳು. ಅವಳದು ವಿಜಯಪುರ ಕಡೆ, ಗಂಡ ಮಜರನು ಲಾರಿ ಓಡಿಸುತ್ತಾನೆ. ಬಾಯಿ ನನಗಿಂತ ಒಂದು ಕೂದಲು ಉದ್ದ, ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ. ಎಲ್ಲರೂ ಒದ್ದೆ ಲಂಗಗಳ ಕೆಳಗೆ ಬಗ್ಗಿ, ಒದ್ದೆ ಕೌದಿ ಸರಿಸಿ, ಕೋಟೆಯನ್ನು ಪ್ರವೇಶಿಸಿದರು. ಕೋಣೆ ಕತ್ತಲು. ಗೋಡೆಗೆ ಬಲ್ಬು. ಸ್ಟೂಲಿನ ಮೇಲೆ ಯಂತ್ರ. ಬರಿಯ ಮಂಚ. ಮೂಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವರನನ್ನು ನೋಡಲು ಬಂದವರ ಮುಂದೆ ಕೂತ ಹುಡುಗನಂತೆ ನಮ್ಮ ಯಜಮಾನರು.

ಯಂತ್ರದಲ್ಲಿ ಹಸಿರು ದೀಪ.

“ನೋಡ್ರಿ!” ಎಂದೆ. ಹೆಂಗಸರು “ಹೌದ ನೋಡ್ರಿ” ಎಂದರು. ನನ್ನ ಜೀವನದಲ್ಲಿ ಮದುವೆಯ ದಿನ ಬಿಟ್ಟರೆ ಅಷ್ಟು ಜನ ನನ್ನನ್ನು ಅಷ್ಟು ಗೌರವದಿಂದ ನೋಡಿದ್ದಿಲ್ಲ.

“ಈಗ ಕೊನೀ ಕೆಲಸ,” ಎಂದು ಘೋಷಿಸಿ, ಸುಲ್ತಾನಾಳನ್ನು ಜೊತೆಗೆ ಕರೆದುಕೊಂಡು ತಾರಸಿಗೆ ಹೋದೆ. ಬೆಳಗಿನಿಂದ ಬಿಸಿಲು ಕುಡಿದ ಗಾದಿಯನ್ನು ಬಿಸಿ ಆರದ ಹಾಗೆ ಮಡಚಿ, ದಿಂಬಿನ ಸಮೇತ ಇಬ್ಬರೂ ಹೊತ್ತು ತಂದು ಮಂಚದ ಮೇಲೆ ಧೊಪ್ಪನೆ ಬಿಟ್ಟೆವು.

ಹಳದಿ ದೀಪ.

“ಇಷ್ಟ ಮಂದಿ ಒಂದ ಕೋಣ್ಯಾಗ ಉಸರಾಡಿದ್ರ ಯಂತ್ರಕ್ಕೂ ಬ್ಯಾಸರ ಆಗತೈತಿ,” ಎಂದು ನಾನೇ ವಿಜ್ಞಾನ ಹೇಳಿದೆ. “ಏನ್ರಿ, ಮಲಕ್ಕೋರಿ.”

“ಇಷ್ಟ ಮಂದಿ ಮುಂದ?”

“ಮಲಗೂದೇನು ಕಳವಿನ ಕೆಲಸೇನ್ರಿ? ಮಲಕ್ಕೋರಿ.”

ಯಜಮಾನರು ಗಾದಿಯ ಮೇಲೆ ಬೆನ್ನು ಚಾಚಿದರು. “ಶಿವಾ” ಎಂದರು. ಯಂತ್ರ ಕೆಂಪಗಾಗಿ ಕುಂಯ್ ಎಂದಿತು.

“ನಿಮ್ಮ ಉಸರಿನಾಗ ಏನೈತ್ರಿ?” ಎಂದು ಕೂಗಿದೆ. ತಪ್ಪು ಯಾರದೆಂದು ನನಗೆ ಆ ಕ್ಷಣದಲ್ಲಿ ಸಂಪೂರ್ಣ ಸ್ಪಷ್ಟವಾಗಿತ್ತು. ಅವರ ತಲೆಯ ಕೆಳಗಿನ ದಿಂಬನ್ನು ಸೆಳೆದು, ಸರಿಮಾಡಲೆಂದು ಎರಡು ಕೈಯಿಂದ ನಾಲ್ಕು ಬಾರಿಸಿದೆ. ಯಂತ್ರ ಬಾಯಿ ಮುಚ್ಚದೆ ಅರಚತೊಡಗಿತು. ಹೆಂಗಸರು ಕೆಮ್ಮತೊಡಗಿದರು.

“ಅವ್ವಾ, ಬಡೀಬ್ಯಾಡ! ಅಪ್ಪಾ, ನೀ ಏಳು,” ಎಂದು ಕೀರ್ತಿ ಕಿಟಕಿಗೆ ಹೋಗಿ ನನ್ನ ಕಂದು ಟೇಪನ್ನು ಚರ್ರನೆ ಕಿತ್ತು ಪರದೆ ಸರಿಸಿದಳು.

ಮಧ್ಯಾಹ್ನದ ಬಿಸಿಲು ಒಂದು ಕಂಬದ ಹಾಗೆ ಒಳಗೆ ಬಂದು ಮಂಚದ ಮೇಲೆ ನಿಂತಿತು. ಆ ಕಂಬದ ತುಂಬ ಸಣ್ಣ ಕಪ್ಪು ಹೊಳಪು ಕುಣಿಯುತ್ತಿತ್ತು. ಒಂದೆರಡಲ್ಲ, ಮೋಡ. ಅದು ಗಾದಿಯಿಂದ ಏಳುತ್ತಿತ್ತು. ಕೀರ್ತಿ ಬೆರಳ ತುದಿಯಿಂದ ಗಾದಿಯನ್ನು ಮೆಲ್ಲಗೆ ತಟ್ಟಿದಳು. ಇನ್ನೊಂದು ಮೋಡ ಎದ್ದಿತು. ಯಜಮಾನರು ಎದ್ದು ಬಾಗಿಲ ಕಡೆ ತಿರುಗಿದರು. ಅವರ ಬಿಳಿ ಅಂಗಿಯ ಬೆನ್ನ ಮೇಲೆ, ಹೆಗಲಿನಿಂದ ಸೊಂಟದವರೆಗೆ, ಗಾದಿಯ ಹೊಲಿಗೆಯ ಗೆರೆಗಳ ಸಮೇತ, ಕಪ್ಪು ನಕಾಶೆ ಮೂಡಿತ್ತು.

ಬೂದಾಗುತ್ತದೆಂದು ಒಂದು ಅಂಗಿಯನ್ನೂ ನಾನು ಹೊರಗೆ ಒಣಹಾಕುತ್ತಿರಲಿಲ್ಲ. ಅಂಗಿ ಬಿಳಿ, ಅದಕ್ಕೆ ಕಂಡಿತ್ತು. ಗಾದಿ ಮರೂನ್, ಕಂಡಿರಲಿಲ್ಲ. ಊರ ಗಾಳಿಯ ಪುಡಿಯನ್ನೆಲ್ಲ ದಿನವಿಡೀ ತಾರಸಿಯಲ್ಲಿ ಹಿಡಿದು, ಕೊಡವದೆ, ಬಿಸಿ ಆರದ ಹಾಗೆ ಹೊತ್ತು ತಂದು, ಒಂದು ಕಣವೂ ಹೊರಗೆ ತಪ್ಪಿಸಿಕೊಳ್ಳದಂತೆ ಟೇಪು ಹಚ್ಚಿ, ಅದರ ಮೇಲೆ ಗಂಡನನ್ನು ಮಲಗಿಸಿದ್ದೆ. ಅದೂ ಈಚೆಗೆ ದಿನಾ.

ಸುಲ್ತಾನಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು, “ಅಕ್ಕಾರ, ಹಡಗು ಖಾಲಿ ಮಾಡೂ ಕೆಲಸ ನಿಮ್ಮ ಮನ್ಯಾಗ ಯಾವಾಗಿಂದ ಚಾಲೂ ಆತ್ರಿ? ಹೇಳಿದ್ರ ನಮ್ಮ ಯಜಮಾನ್ರು ಲಾರಿ ತರತಿದ್ರಲ್ರಿ.”

ಹೆಂಗಸರು ನಗಲೆಂದು ಬಾಯಿ ತೆರೆದರು, ಕೆಮ್ಮಿದರು. ನಾನು ನಗಲಿಲ್ಲ. ಆ ಕಪ್ಪು ಬೆನ್ನನ್ನೇ ನೋಡುತ್ತಿದ್ದೆ. ಮರಳಿನ ಗುಡ್ಡೆ ನೆನಪಾಗುತ್ತಿತ್ತು. ಮರಳಿನ ಜಾಗದಲ್ಲಿ ಲಾರಿ ಇದ್ದಿದ್ದರೆ ಎಂಬುದೂ ನೆನಪಾಗುತ್ತಿತ್ತು. ಚುರುಮುರಿ, ಮಿರ್ಚಿ ತಿಂದು (ಒಗ್ಗರಣೆಯ ನಿಷೇಧವನ್ನು ಅತಿಥಿಗಳಿಗಾಗಿ ಸಡಿಲಿಸಿದ್ದೆ) ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತ ಹೋದರು. ಸಮಾಧಾನದಷ್ಟು ಚುಚ್ಚುವ ವಸ್ತು ಇನ್ನೊಂದಿಲ್ಲ.

ಅಂದು ಸಂಜೆಯೇ ಆ ಗಾದಿಗೆ ಕೋಟೆಯಿಂದ ಗಡೀಪಾರಾಯಿತು. ಹೊಸ ಗಾದಿ ಬಂತು, ದಿಂಬುಗಳು ಬಂದವು. ಮೇಲೆ ಬಿಳಿಯ ದಪ್ಪ ಗವಸು, ಏನಾದರೂ ಕೂತರೆ ಕಾಣಲಿ ಎಂದು. ತಾರಸಿಯ ಬೀಗದ ಕೈಯನ್ನು ಕೀರ್ತಿ ನನ್ನ ಸೊಂಟದಿಂದ ಬಿಚ್ಚಿಕೊಂಡಳು. ಗಾಳಿ ಬೀಸದ ಹೊತ್ತು ನೋಡಿ ಕಿಟಕಿ ತೆರೆಯುವುದು, ಬೀಸುವಾಗ ಮುಚ್ಚುವುದು, ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಎಂದು ಅವಳು ಹೊಸ ರಾಜ್ಯಾಡಳಿತ ಜಾರಿಗೆ ತಂದಳು. ಹೊರಗಿನ ಗಾಳಿ ಹೊರಗಿನದೇ, ಅದರ ಜಗಳ ಬೇರೆ ಇದೆ. ಕನಿಷ್ಠ ನಾವಾಗಿ ಹೊತ್ತು ತರುವುದಂತೂ ನಿಂತಿತು. ಸೋಮವಾರದ ಬೆಳಗಾವಿ ಪ್ರಯಾಣವನ್ನು ಯಜಮಾನರು ತಾವೇ ಮುಂದಕ್ಕೆ ಹಾಕಿದರು.

ಬಾತ ಮೂಗು ಇಳಿಯಲು ದಿನಗಳು ಹಿಡಿದವು. ದೇವರುಗಳು ಜಿಲ್ಲೆ ಜಿಲ್ಲೆಯಾಗಿ ಹಿಂದೆ ಸರಿದರು. ವಿಜಯಪುರ ಹೋಯಿತು, ಬೆಳಗಾವಿ ಹೋಯಿತು. ಶಿವರಾತ್ರಿ ಕಳೆದು ಒಂದು ಮಧ್ಯಾಹ್ನ ಪೇಟೆಯೆಲ್ಲ ಶಟರ್ ಎಳೆದ ಹೊತ್ತಿಗೆ ಯಜಮಾನರು ಊಟಕ್ಕೆ ಬಂದು, ಉಂಡು, ಕೋಣೆಗೆ ಹೋದರು. ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಕಿಟಕಿಯಲ್ಲಿ ಸಮುದ್ರ ಇತ್ತು.

“ಶಿವಾ,” ಎಂದರು. “ಶಿ…”

ಕಾದೆ. ‘ವಾ’ ಬರಲಿಲ್ಲ. ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟೆ. (ಅನವಶ್ಯಕ. ಕೊಡಗಳ ಗೋಪುರ ಬಿದ್ದರೂ ಏಳದವರು. ಆದರೂ ಇಟ್ಟೆ.) ಕಣ್ಣಲ್ಲಿ ನೀರು ಬಂತು. ಅದು ಪುಡಿಯಿಂದ ಎಂದು ಬರೆದುಕೊಳ್ಳಿ.

ಪೇಟೆ ಮತ್ತೆ ಎಚ್ಚರವಾದ ಮೇಲೂ ಇವರಿಗೆ ಎಚ್ಚರವಿಲ್ಲ. ಹೊತ್ತು ಸಾಕಷ್ಟು ಇಳಿದ ಮೇಲೆ ಎದ್ದು, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಬಂದು ಚಹಾಕ್ಕೆ ಕೂತರು. ಮುಖದ ಮೇಲೆ ಹಳೆಯ ಸಾಮ್ರಾಟನ ಕಳೆ. ನಾನೂ ಸಂಧಾನದ ಗಂಭೀರ ಧ್ವನಿ ತೆಗೆದೆ.

“ಒಂದು ಮಾತು ಕೇಳತೇನಿ, ಖರೇ ಹೇಳ್ರಿ. ಅಷ್ಟು ದಿವಸ ಆ ಗಾದಿ ಮ್ಯಾಲ ಮಲಗಿದ್ರಿ. ನಿಮಗೇನೂ ಗೊತ್ತಾಗಲಿಲ್ಲೇನು?”

“ಗೊತ್ತಾಗಿತ್ತು,” ಎಂದರು. “ದಿಂಬಿಗೆ ಮೂಗು ಹಚ್ಚಿದ್ರ ಗೂಡ್ಸ್ ಗಾಡಿ ವಾಸನಿ ಬರತಿತ್ತು.”

“ಯಾವಾಗಿಂದ?”

“ನೀ ಮೊದಲನೇ ಸರತಿ ಮ್ಯಾಲ ಹಾಕಿದ ದಿವಸದಿಂದ.”

ಕೈಯಲ್ಲಿದ್ದ ಬಸಿಯನ್ನು ಠಕ್ಕನೆ ಕೆಳಗಿಟ್ಟೆ. “ಶಿವನ! ಗೊತ್ತಿದ್ದೂ ಅಷ್ಟು ತಿಂಗಳು ಕಣ್ಣು ತೆರಕೊಂಡು ಮಲಗಿದ್ರಿ? ಸ್ಕೂಟರ್ ತಗೊಂಡು ಹೋಗಿ ಮರಳಾಗ ಬಿದ್ರಿ? ಅಂಗಡಿ, ಮನಿ ಎಲ್ಲಾ ಬಿಟ್ಟು ಬೆಳಗಾವಿಗೆ ಹೊಂಟು ನಿಂತ್ರಿ? ಒಂದು ಮಾತು, ‘ಗಾದಿ ಮ್ಯಾಲ ಹಾಕಬ್ಯಾಡ’ ಅಂತ ಒಂದ ಮಾತು ನನಗ ಹೇಳಾಕ ಏನಾಗಿತ್ರಿ ನಿಮಗ?”

ಯಜಮಾನರು ಚಹಾವನ್ನು ಬಸಿಗೆ ಸುರಿದು, ಊದಿ, ಒಂದು ಗುಟುಕು ಕುಡಿದರು.

“ನಿನಗ ಹೇಳೂದಕಿಂತ,” ಎಂದರು, “ಊರು ಬಿಡೂದು ಹಗುರ ಅನಿಸ್ತು.”